ದಾಸೋಹವೂ ಮನುಷ್ಯ ಸ್ವಭಾವವೂ

ಮನುಷ್ಯನು ಮತ್ತೊಬ್ಬ ಮನುಷ್ಯನಿಗೆ ನಿಜವಾದ ಅರ್ಥದಲ್ಲಿ ಸೇವೆ ಸಲ್ಲಿಸಬಲ್ಲನೆ? ಅವನ ಸ್ವಭಾವವು ಅದಕ್ಕೆ ಎಡೆಗೊಡುತ್ತದೆಯೆ? ಧರ್ಮಚಿಂತಕರೂ ತತ್ತ್ವಜ್ಞಾನಿಗಳೂ ಬಹುಕಾಲದಿಂದ ಚರ್ಚಿಸುತ್ತ ಬಂದಿರುವ ಪ್ರಶ್ನೆಯಿದು. ಹಸಿದವನಿಗೆ ಅನ್ನವಿಕ್ಕುವವನು ಪುಣ್ಯವನ್ನು ಬಯಸುತ್ತಾನೆ; ಪುಣ್ಯವನ್ನು ನಂಬದವನು ಕೀರ್ತಿಯನ್ನು ಬಯಸುತ್ತಾನೆ; ಕೀರ್ತಿಯೂ ಬೇಡವಾದವನು ತನ್ನ ಮನಸ್ಸಿನ ಸಮಾಧಾನವನ್ನಾದರೂ ಬಯಸುತ್ತಾನೆ. ಆದುದರಿಂದ ಪರಸೇವೆಯೆಂಬುದು ವೇಷ ಮರೆಸಿಕೊಂಡ ಸ್ವಸೇವೆಯೇ ಹೊರತು ಬೇರೆಯಲ್ಲ ಎಂದು ವಾದಿಸುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ.

ಹದಿನೇಳನೆಯ ಶತಮಾನದ ಇಂಗ್ಲೆಂಡಿನ ತತ್ತ್ವಜ್ಞಾನಿ ಥಾಮಸ್ ಹಾಬ್ಸ್ (1588-1679) ಈ ಪಕ್ಷದ ಪ್ರಬಲ ಪ್ರತಿನಿಧಿಯೆಂದು ಪ್ರಸಿದ್ಧನಾಗಿದ್ದಾನೆ. 1651ರಲ್ಲಿ ಪ್ರಕಟವಾದ ‘ಲೆವಯತನ್’ ಎಂಬ ಗ್ರಂಥದಲ್ಲಿ ಅವನು, ಎಲ್ಲರನ್ನೂ ಅಂಕೆಯಲ್ಲಿಡುವ ಅಧಿಕಾರವೊಂದಿಲ್ಲದಿದ್ದರೆ ಮನುಷ್ಯರು ಪರಸ್ಪರ ಕಾದಾಟದಲ್ಲಿಯೇ ಮುಳುಗಿರುತ್ತಾರೆಂದು ಪ್ರತಿಪಾದಿಸಿದನು. ಅವನ ಸ್ನೇಹಿತನಾದ ಜಾನ್ ಆಬ್ರಿ ಎಂಬಾತನು ಬರೆದಿಟ್ಟ ಪ್ರಸಂಗವೊಂದು ಇಲ್ಲಿ ಸ್ಮರಣೀಯ. ಲಂಡನ್ನಿನ ಬೀದಿಯಲ್ಲಿ ಹಾಬ್ಸನು ಕೃಶನಾದ ಒಬ್ಬ ಮುದಿ ಭಿಕ್ಷುಕನಿಗೆ ಹಣ ಕೊಟ್ಟನು. ಬಳಿಯಲ್ಲಿದ್ದ ಪಾದ್ರಿಯೊಬ್ಬನು, ಕ್ರಿಸ್ತನ ಆಜ್ಞೆಯಿಲ್ಲದಿದ್ದರೂ ಹೀಗೆ ಕೊಡುತ್ತಿದ್ದಿರಾ ಎಂದು ಕೇಳಿದನು. ಕೊಡುತ್ತಿದ್ದೆನೆಂದು ಹಾಬ್ಸನು ಉತ್ತರಿಸಿ, ಮುದುಕನ ದುಃಸ್ಥಿತಿಯನ್ನು ಕಂಡು ತನಗೂ ನೋವಾಯಿತೆಂದೂ ಆ ದಾನದಿಂದ ಮುದುಕನಿಗೆ ಒದಗಿದ ನೆಮ್ಮದಿ ತನ್ನ ನೋವನ್ನೂ ಕಳೆಯಿತೆಂದೂ ಕಾರಣ ಕೊಟ್ಟನು.

ಈ ಉತ್ತರದಲ್ಲಿ ಪ್ರಾಮಾಣಿಕತೆಯಿದೆ. ಆದರೆ ಪ್ರಶ್ನೆಯೂ ಉತ್ತರವೂ ಕೊಡುವವನ ಮನಸ್ಸಿನೊಳಗೇ ಸುತ್ತಿ ಅಲ್ಲಿಯೇ ನಿಂತುಬಿಡುತ್ತವೆ. ಕೊಟ್ಟ ದ್ರವ್ಯ ಎಲ್ಲಿಂದ ಬಂದಿತು, ಪಡೆದವನು ಪಡೆದ ಮೇಲೆ ಏನಾದನು ಎಂಬ ವಿಚಾರ ಅಲ್ಲಿ ಏಳುವುದಿಲ್ಲ. ಹಾಬ್ಸನಿಗಿಂತ ಐದು ಶತಮಾನಗಳ ಹಿಂದೆ ಕಲ್ಯಾಣದ ಶರಣರು ಇದೇ ಪ್ರಶ್ನೆಯನ್ನು ಎದುರಿಸಿದರು. ಮನುಷ್ಯನ ಆಸೆಯ ವಿಷಯದಲ್ಲಿ ಅವರಿಗೂ ಭ್ರಮೆಯಿರಲಿಲ್ಲ. ಆದರೆ ಅವರು ವಾದದಿಂದಲ್ಲ, ಒಂದು ಆಚರಣೆಯಿಂದ ಉತ್ತರ ಹುಡುಕಿದರು. ಆ ಆಚರಣೆಯೇ ದಾಸೋಹ.

ದಾನ ಮತ್ತು ದಾಸೋಹ

ದಾಸೋಹದ ಹೊಸತನವನ್ನು ತಿಳಿಯಬೇಕಾದರೆ ಅದಕ್ಕೆ ಹಿಂದಿನಿಂದಲೂ ನಾಡಿನಲ್ಲಿ ನಡೆದು ಬಂದಿದ್ದ ದಾನಧರ್ಮದ ಸ್ವರೂಪವನ್ನು ಗಮನಿಸಬೇಕು. ಕನ್ನಡ ನಾಡಿನ ಶಾಸನಗಳಲ್ಲಿ ಬಹುಭಾಗ ದಾನಶಾಸನಗಳೇ. ದೇವಾಲಯದ ನಂದಾದೀವಿಗೆಗೆ, ತಪೋಧನರ ಆಹಾರದಾನಕ್ಕೆ, ವಿದ್ಯಾರ್ಥಿಗಳ ಅಶನಕ್ಕೆ, ಕೆರೆಯ ಜೀರ್ಣೋದ್ಧಾರಕ್ಕೆ ಬಿಟ್ಟ ಭೂಮಿ ಮತ್ತು ಸುಂಕಗಳ ವಿವರ ಅವುಗಳಲ್ಲಿ ತುಂಬಿದೆ. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯ ಕೋಡಿಯಮಠಕ್ಕೆ ಸಂಬಂಧಿಸಿದ 1162ರ ಶಾಸನವು ಈ ದೃಷ್ಟಿಯಿಂದ ಅಮೂಲ್ಯವಾದುದು. ಕಾಳಾಮುಖ ಶೈವಾಚಾರ್ಯರ ಆ ಮಠವು ವಿದ್ಯೆಯ ನೆಲೆಯಾಗಿದ್ದುದಲ್ಲದೆ ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ ಅನ್ನವನ್ನೂ ರೋಗಿಗಳಿಗೆ ಔಷಧವನ್ನೂ ಕೊಡುತ್ತಿದ್ದ ಸ್ಥಾನವೆಂದು ಆ ಶಾಸನ ವರ್ಣಿಸುತ್ತದೆ. ಕಳಚುರಿ ಬಿಜ್ಜಳನು ಕಲ್ಯಾಣದ ಸಿಂಹಾಸನವನ್ನು ತನ್ನದಾಗಿಸಿಕೊಂಡ ಕಾಲವೂ ಅದೇ. ಹಸಿದವರಿಗೆ ಅನ್ನವಿಕ್ಕುವ ಪದ್ಧತಿಯನ್ನು ಶರಣರೇ ಮೊದಲು ಕಂಡುಹಿಡಿದರೆಂದು ಹೇಳುವುದು ಆದುದರಿಂದ ಚರಿತ್ರೆಗೆ ಒಪ್ಪುವ ಮಾತಲ್ಲ.

ಆದರೂ ದಾನಶಾಸನಗಳ ರಚನೆಯಲ್ಲಿ ಒಂದು ಸಾಮಾನ್ಯ ಲಕ್ಷಣವಿದೆ. ಮೊದಲು ಅರಸನ ಬಿರುದಾವಳಿ, ಬಳಿಕ ದಾನಿಯ ವಂಶಾವಳಿ ಮತ್ತು ಗುಣವರ್ಣನೆ, ಅನಂತರ ಕೊಟ್ಟ ವಸ್ತುವಿನ ಸೀಮೆ, ಕೊನೆಯಲ್ಲಿ ಈ ಧರ್ಮವನ್ನು ಕಾಪಾಡಿದವನಿಗೆ ಪುಣ್ಯ, ಕೆಡಿಸಿದವನಿಗೆ ಪಾಪ ಎಂಬ ಶಾಪಾಶಯ. ದಾನಿಯ ಹೆಸರು ಕಲ್ಲಿನ ಮೇಲೆ ಚಿರವಾಗಿ ನಿಲ್ಲುತ್ತದೆ. ಉಂಡವನ ಹೆಸರು ಎಲ್ಲಿಯೂ ಇಲ್ಲ. ಕೊಟ್ಟ ಭೂಮಿ ದಾನಿಯ ಕೈಗೆ ಹೇಗೆ ಬಂದಿತೆಂಬುದನ್ನು ಅನೇಕ ವೇಳೆ ಯಾರೂ ಕೇಳಿಲ್ಲ. ಇದು ದಾನದ ನಿಂದೆಯಲ್ಲ; ಆ ದಾನಗಳಿಂದ ನಾಡಿಗೆ ಆದ ಉಪಕಾರ ಅಪಾರ. ಆದರೆ ದಾನದಲ್ಲಿ ಕೊಡುವವನು ಮೇಲೆ ನಿಲ್ಲುತ್ತಾನೆ, ಕೊಳ್ಳುವವನು ಕೈಯೊಡ್ಡಿ ಕೆಳಗೆ ನಿಲ್ಲುತ್ತಾನೆ ಎಂಬುದು ಸ್ಪಷ್ಟ.

‘ದಾಸೋಹ’ ಎಂಬ ಶಬ್ದವೇ ಈ ನಿಲುವನ್ನು ತಿರುಗಿಸುತ್ತದೆ. ‘ನಾನು ದಾಸನು’ ಎಂಬ ಅರ್ಥದ ಸಂಸ್ಕೃತ ನುಡಿಯಿಂದ ಅದು ಬಂದಿದೆ. ‘ಅವನೇ ನಾನು’ ಎಂಬ ‘ಸೋಹಂ’ ಭಾವಕ್ಕೆ ಎದುರಾಗಿ ಶರಣರು ‘ದಾಸೋಹಂ’ ಭಾವವನ್ನು ನಿಲ್ಲಿಸಿದರು. ಕೊಡುವವನೇ ಇಲ್ಲಿ ಆಳು. ಸ್ವೀಕರಿಸುವವನು ಒಡೆಯನ ಸ್ಥಾನದಲ್ಲಿರುವವನು. ಆದರೆ ಹೆಸರು ಬದಲಾದ ಮಾತ್ರಕ್ಕೆ ಸ್ವಭಾವ ಬದಲಾಗುವುದಿಲ್ಲ. ತಾನು ಎಲ್ಲರಿಗಿಂತ ವಿನಯಶಾಲಿಯಾದ ದಾಸನು ಎಂಬ ಹಮ್ಮು ದಾನಿಯ ಹಮ್ಮಿಗಿಂತ ಸೂಕ್ಷ್ಮವಾದುದು ಮಾತ್ರವಲ್ಲ, ಹೆಚ್ಚು ಅಪಾಯಕಾರಿಯಾದುದು. ಆದ ಕಾರಣ ಶರಣರು ದಾಸೋಹವನ್ನು ಒಂಟಿಯಾಗಿ ಬಿಡದೆ ಕಾಯಕದೊಡನೆ ಕಟ್ಟಿದರು. ನೀಡುವವನು ತನ್ನ ಮೈ ದುಡಿಸಿ ಗಳಿಸಿದ ಪದಾರ್ಥವೇ ದಾಸೋಹಕ್ಕೆ ಯೋಗ್ಯವಾದುದು. ಕಸಿದುದು, ಕಾಡಿ ಬೇಡಿ ತಂದುದು, ಕೂಡಿಟ್ಟುದು ಅದಕ್ಕೆ ಸಲ್ಲದು ಎಂಬ ನಿಯಮ ಹೀಗೆ ಹುಟ್ಟಿತು.

ಆಯ್ದಕ್ಕಿಯ ಪ್ರಸಂಗ

ಈ ನಿಯಮ ಆಚರಣೆಯಲ್ಲಿ ಹೇಗೆ ನಡೆಯಿತೆಂಬುದಕ್ಕೆ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ವೃತ್ತಾಂತಕ್ಕಿಂತ ಮಿಗಿಲಾದ ನಿದರ್ಶನವಿಲ್ಲ. ಹದಿನೈದನೆಯ ಶತಮಾನದಿಂದ ಸಂಕಲಿತವಾಗುತ್ತ ಬಂದ ಶೂನ್ಯಸಂಪಾದನೆಗಳಲ್ಲಿ ಈ ವೃತ್ತಾಂತ ವಿಸ್ತಾರವಾಗಿ ಬಂದಿದೆ. ಈ ದಂಪತಿಗಳ ವಚನಗಳು ಅಮರೇಶ್ವರಲಿಂಗದ ಅಂಕಿತವನ್ನು ಹೊಂದಿವೆ. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಇವರು ಕಲ್ಯಾಣಕ್ಕೆ ಬಂದವರೆಂದು ಪ್ರತೀತಿ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯ ಕಾಳುಗಳನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಹಾಗೆ ತಂದ ಅಕ್ಕಿಯಿಂದ ಅಡಿಗೆ ಮಾಡಿ ಜಂಗಮರಿಗೆ ನೀಡಿ, ಉಳಿದುದನ್ನು ಪ್ರಸಾದವಾಗಿ ಸ್ವೀಕರಿಸುವುದು ಅವರ ನಿತ್ಯವ್ರತ.

ಒಂದು ದಿನ ಮಾರಯ್ಯನು ಅನುಭಾವಗೋಷ್ಠಿಯಲ್ಲಿ ಮೈಮರೆತು ಕುಳಿತನು. ಕಾಯಕದ ವೇಳೆ ಮೀರುತ್ತಿದೆಯೆಂದು ಹೆಂಡತಿ ಬಂದು ಎಚ್ಚರಿಸಿದಳು. ಅವನು ಅವಸರದಿಂದ ಹೋಗಿ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಅವರ ಬಡತನಕ್ಕೆ ಮರುಗಿ ಬಸವಣ್ಣನವರೇ ಆ ದಿನ ಅಂಗಳದಲ್ಲಿ ಹೆಚ್ಚು ಅಕ್ಕಿ ಚೆಲ್ಲಿಸಿದ್ದರೆಂದೂ ಪರಂಪರೆಯಲ್ಲಿ ಹೇಳುವುದುಂಟು. ಲಕ್ಕಮ್ಮ ಅದನ್ನು ನೋಡಿ ಸಂತೋಷಪಡಲಿಲ್ಲ. ಇಂದಿನ ಅಕ್ಕಿ ಏಕೆ ಹೆಚ್ಚಾಯಿತು, ಇದು ಯಾರ ಮನಸ್ಸಿನ ಆಸೆ ಎಂದು ಗಂಡನನ್ನು ವಿಚಾರಿಸಿ, ನಿತ್ಯದ ಪ್ರಮಾಣವನ್ನು ಮಾತ್ರ ಉಳಿಸಿಕೊಂಡು ಮಿಕ್ಕುದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದಳು. ಮಾರಯ್ಯನು ಹಾಗೆಯೇ ಮಾಡಿದನು. ಅನಂತರ ಆ ಬಡ ದಂಪತಿಗಳು ಬಸವಣ್ಣನವರನ್ನೂ ಅಸಂಖ್ಯಾತ ಜಂಗಮರನ್ನೂ ತಮ್ಮ ಮನೆಗೆ ಕರೆದು ದಾಸೋಹ ನಡೆಸಿದರೆಂದು ಕಥೆ ಮುಂದುವರಿಯುತ್ತದೆ.

ಈ ಪ್ರಸಂಗದ ಪವಾಡಾಂಶವನ್ನು ಬದಿಗಿಟ್ಟು ನೋಡಿದರೂ ಮೂರು ಸಂಗತಿಗಳು ಉಳಿಯುತ್ತವೆ. ಮೊದಲನೆಯದು, ಆಸೆ ಕಾಲಿಡುವ ದಾರಿ. ಹೆಚ್ಚಿನ ಅಕ್ಕಿ ಮಾರಯ್ಯನ ಭೋಗಕ್ಕೆ ಬಂದುದಲ್ಲ. ಹೆಚ್ಚು ಜಂಗಮರಿಗೆ ನೀಡಲೆಂದೇ ಬಂದಿರಬಹುದು. ಸೇವೆಯ ಹೆಸರಿನಲ್ಲಿಯೇ ಸಂಗ್ರಹಬುದ್ಧಿ ಒಳಬರುತ್ತದೆ. ಒಳ್ಳೆಯ ಉದ್ದೇಶವೇ ಅದಕ್ಕೆ ಮರೆಯಾಗುತ್ತದೆ. ಮನುಷ್ಯನ ಮನಸ್ಸನ್ನು ಅಳೆಯುವುದು ಕಷ್ಟ. ಅಕ್ಕಿಯನ್ನು ಅಳೆಯುವುದು ಸುಲಭ. ಲಕ್ಕಮ್ಮ ಅಕ್ಕಿಯನ್ನು ಅಳೆದು ಮನಸ್ಸಿನ ಸ್ಥಿತಿಯನ್ನು ಕಂಡುಕೊಂಡಳು.

ಎರಡನೆಯದು, ಎಚ್ಚರಿಸುವವರ ಅಗತ್ಯ. ಮಾರಯ್ಯನು ಸಾಮಾನ್ಯನಲ್ಲ, ಅನುಭಾವಿ. ಆದರೂ ಅವನು ಎಡವಿದನು. ಅವನನ್ನು ಎತ್ತಿದುದು ಅವನ ಅಂತಃಸಾಕ್ಷಿಯಲ್ಲ, ಮನೆಯೊಳಗಿದ್ದ ಇನ್ನೊಬ್ಬ ಶರಣೆ. ತನ್ನ ಸ್ವಭಾವವನ್ನು ತಾನೊಬ್ಬನೇ ಕಾಯಲಾರದ ಮನುಷ್ಯನು ಮತ್ತೊಬ್ಬರ ಕಣ್ಣಿನಿಂದ ಅದನ್ನು ಕಾಯಬಲ್ಲನು. ಶರಣರ ಅನುಭವಗೋಷ್ಠಿಗಳ ಪ್ರಯೋಜನವೂ ಬಹುಮಟ್ಟಿಗೆ ಇದೇ ಆಗಿತ್ತು. ನುಲಿಯ ಚಂದಯ್ಯನ ಪ್ರಸಂಗದಲ್ಲಿ ಮಡಿವಾಳ ಮಾಚಯ್ಯನೂ, ಬಸವಣ್ಣನವರ ಪ್ರಸಂಗದಲ್ಲಿ ಅಲ್ಲಮಪ್ರಭುವೂ ಇಂತಹ ಎಚ್ಚರದ ದನಿಗಳಾಗಿಯೇ ಕಾಣಿಸಿಕೊಳ್ಳುತ್ತಾರೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಕಲ್ಯಾಣದ ಮಹಾದಾಸೋಹಿಯೆಂದು ಹೆಸರಾದವರು ಮರುಕದಿಂದ ನೀಡಿದ ಹೆಚ್ಚುವರಿಯನ್ನು ಕಡುಬಡವಳೊಬ್ಬಳು ಹಿಂದಿರುಗಿಸಿದಳು. ಬಳಿಕ ಅದೇ ಮಹಾದಾಸೋಹಿ ಅವಳ ಮನೆಯ ಪಂಕ್ತಿಯಲ್ಲಿ ಕುಳಿತು ಉಂಡರು. ಕೊಡುವವನು ಎಂದೆಂದಿಗೂ ಕೊಡುವವನಾಗಿಯೇ, ಪಡೆಯುವವನು ಎಂದೆಂದಿಗೂ ಪಡೆಯುವವನಾಗಿಯೇ ಉಳಿಯುವ ವ್ಯವಸ್ಥೆ ಅಲ್ಲಿ ಮುರಿಯಿತು. ಸೇವೆ ಸತ್ಯವಾಗುವುದು ಪಾತ್ರಗಳು ಹೀಗೆ ಅದಲುಬದಲಾಗಲು ಅವಕಾಶವಿರುವಲ್ಲಿ ಮಾತ್ರ.

ನುಲಿಯ ಚಂದಯ್ಯನ ಕಥೆ ಇದೇ ನಿಯಮವನ್ನು ಇನ್ನೂ ಮುಂದಕ್ಕೆ ಒಯ್ಯುತ್ತದೆ. ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ ಬಂದುದರಿಂದ ದಾಸೋಹ ನಡೆಸುತ್ತಿದ್ದ ಆತನು, ಕಾಯಕದ ವೇಳೆ ಜಾರಿ ಬಿದ್ದ ಇಷ್ಟಲಿಂಗವನ್ನು ಕೂಡ ತೊರೆದು ನಡೆದನೆಂದೂ ಕೊನೆಗೆ ಲಿಂಗವೇ ಹಗ್ಗ ಮಾರುವ ಕಾಯಕಕ್ಕೆ ನಿಲ್ಲಬೇಕಾಯಿತೆಂದೂ ಶೂನ್ಯಸಂಪಾದನೆ ನಿರೂಪಿಸುತ್ತದೆ. ಪೂಜೆಗೊಳ್ಳುವ ದೇವರಿಗೂ ಕಾಯಕದಿಂದ ವಿನಾಯಿತಿಯಿಲ್ಲವೆಂದ ಮೇಲೆ ನೀಡುವ ಮನುಷ್ಯನಿಗೆ ವಿನಾಯಿತಿ ಎಲ್ಲಿಯದು ಎಂಬುದು ಆ ಕಥೆಯ ಇಂಗಿತ.

ಚರಿತ್ರಕಾರನ ಆಕ್ಷೇಪಗಳು

ಇಷ್ಟು ಹೇಳಿದ ಮೇಲೆ ಚರಿತ್ರಕಾರನ ಆಕ್ಷೇಪಗಳನ್ನು ಕಡೆಗಣಿಸಲಾಗದು. ಬಸವಣ್ಣನವರ ಜೀವಿತಕಾಲದ ಶಾಸನಾಧಾರಗಳು ವಿರಳ. ಬೆಳಗಾವಿ ಜಿಲ್ಲೆಯ ಅರ್ಜುನವಾಡದ 1260ರ ಶಾಸನದಲ್ಲಿ ಅವರ ಉಲ್ಲೇಖವಿರುವುದು ಮಹತ್ತ್ವದ ಸಂಗತಿಯಾದರೂ ಅದು ಒಂದು ಶತಮಾನದಷ್ಟು ಈಚಿನದು. ಹರಿಹರನ ಬಸವರಾಜದೇವರ ರಗಳೆ, ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣ, ಅದನ್ನು ಅನುಸರಿಸಿ ಭೀಮಕವಿ 1369ರಲ್ಲಿ ರಚಿಸಿದ ಕನ್ನಡ ಬಸವಪುರಾಣ, ಶೂನ್ಯಸಂಪಾದನೆಗಳು ಇವೆಲ್ಲ ಭಕ್ತಿಯಿಂದ ಬರೆದ ಕೃತಿಗಳು. ಅವುಗಳಲ್ಲಿ ಬರುವ ಜಂಗಮರ ಸಂಖ್ಯೆ ಮೊದಲಾದುವನ್ನು ಲೆಕ್ಕಪತ್ರದಂತೆ ಓದುವುದು ಸರಿಯಲ್ಲ.

ಆದರೆ ಈ ಕೃತಿಗಳು ತಮ್ಮ ಕಾಲದ ಆತಂಕಗಳನ್ನು ಅಡಗಿಸಿಲ್ಲ. ಬಸವಣ್ಣನವರು ಬಿಜ್ಜಳನ ಭಂಡಾರದ ಹಣವನ್ನು ಜಂಗಮದಾಸೋಹಕ್ಕೆ ಸುರಿಯುತ್ತಿದ್ದಾರೆಂದು ಕೊಂಡೆಯರು ದೂರಿದರೆಂಬ, ಭಂಡಾರವನ್ನು ಎಣಿಸಿ ನೋಡಿದಾಗ ಒಂದು ಹೊನ್ನೂ ಕಡಮೆಯಾಗಿರಲಿಲ್ಲವೆಂಬ ಕಥೆಯನ್ನು ಅವು ಒತ್ತಿ ಹೇಳುತ್ತವೆ. ಪವಾಡವನ್ನು ಒಪ್ಪದವನೂ ಇದರಿಂದ ಒಂದು ವಿಷಯವನ್ನು ತಿಳಿಯಬಹುದು. ಅನ್ಯರ ಧನದಿಂದ ನಡೆಸಿದ ಸೇವೆ ಸೇವೆಯಲ್ಲವೆಂಬ ಭಾವನೆ ಆ ಪರಂಪರೆಯಲ್ಲಿ ಎಷ್ಟು ಬಲವಾಗಿತ್ತೆಂದರೆ, ತಮ್ಮ ನಾಯಕನನ್ನೇ ಆ ಆರೋಪದಿಂದ ಮುಕ್ತಗೊಳಿಸುವುದು ಪುರಾಣಕಾರರಿಗೆ ಅನಿವಾರ್ಯವಾಯಿತು.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದುದು. ಕಲ್ಯಾಣದ ದಾಸೋಹ ಮುಖ್ಯವಾಗಿ ಜಂಗಮರಿಗೆ, ಶಿವಭಕ್ತರಿಗೆ ಸಂದಿತು. ಎಲ್ಲ ಮನುಷ್ಯರಿಗೂ ಅಲ್ಲ ಎಂಬ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಆ ಭಕ್ತವಲಯದ ಬಾಗಿಲು ಹುಟ್ಟಿನಿಂದ ಮುಚ್ಚಿದ್ದಾಗಿರಲಿಲ್ಲ. ಚಪ್ಪಲಿ ಹೊಲಿಯುವವರು, ಬಟ್ಟೆ ಒಗೆಯುವವರು, ದೋಣಿ ನಡೆಸುವವರು, ದನ ಕಾಯುವವರು ಒಂದೇ ಪಂಕ್ತಿಗೆ ಬಂದರು. ಹಸಿದ ಪರಕೀಯನಿಗೆ ಅನ್ನ ಕೊಡುವುದಕ್ಕಿಂತ ಕೀಳೆಂದು ದೂರವಿಟ್ಟವನ ಪಕ್ಕದಲ್ಲಿ ಕುಳಿತು ಉಣ್ಣುವುದು ಆ ಕಾಲದಲ್ಲಿ ಕಠಿನವಾದ ಕೆಲಸವಾಗಿತ್ತು. ಹರಳಯ್ಯ ಮತ್ತು ಮಧುವಯ್ಯರ ಮನೆತನಗಳ ನಡುವಣ ವಿವಾಹಸಂಬಂಧ, ಅವರಿಗೊದಗಿದ ಘೋರ ದಂಡನೆ, ಬಿಜ್ಜಳನ ಅಂತ್ಯ, ಶರಣರ ಚದುರುವಿಕೆ ಎಂದು ಪರಂಪರೆ ಹೇಳುವ ಸರಣಿಯು ಆ ಸಹಪಂಕ್ತಿಗೆ ಸಮಾಜ ವಿಧಿಸಿದ ಬೆಲೆಯನ್ನು ತೋರಿಸುತ್ತದೆ. 1167ರ ಸುಮಾರಿಗೆ ಕಲ್ಯಾಣದ ಪ್ರಯೋಗ ಮುಗಿಯಿತು. ಇಷ್ಟು ಬೇಗ ಮುರಿದ ವ್ಯವಸ್ಥೆ ಮನುಷ್ಯ ಸ್ವಭಾವಕ್ಕೆ ವಿರುದ್ಧವಾಗಿತ್ತೆಂದು ಹೇಳಬಾರದೆ ಎಂದು ಕೇಳಬಹುದು. ಆದರೆ ಪರಂಪರೆ ಹೇಳುವಂತೆ ಅದು ಮುರಿದುದು ಶರಣರು ಪರಸ್ಪರ ಸೇವೆಯಿಂದ ಬೇಸತ್ತುದರಿಂದಲ್ಲ. ಹೊರಗಿನಿಂದ ಬಿದ್ದ ಅಧಿಕಾರದ ಪೆಟ್ಟಿನಿಂದ. ಇವೆರಡರ ನಡುವಣ ವ್ಯತ್ಯಾಸವನ್ನು ಮರೆಯಬಾರದು.

ಧಾತು-ಈಶ್ವರ ಬರದ ಪಾಠ

ಕಾಯಕವನ್ನೂ ಅನ್ನವನ್ನೂ ಶರಣರು ಜೋಡಿಸಿದ ರೀತಿಯ ವೈಶಿಷ್ಟ್ಯವು, ಅವೆರಡನ್ನೂ ಬೇರೊಂದು ರೀತಿಯಲ್ಲಿ ಜೋಡಿಸಿದ ಪ್ರಸಂಗವೊಂದರ ಪಕ್ಕದಲ್ಲಿಟ್ಟು ನೋಡಿದಾಗ ಸುಸ್ಪಷ್ಟವಾಗುತ್ತದೆ. ಅಂತಹ ಪ್ರಸಂಗ ಏಳು ಶತಮಾನಗಳ ಅನಂತರ ಇದೇ ಕನ್ನಡ ನಾಡಿನಲ್ಲಿ ಒದಗಿತು. 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಹಿಂಡಿದ, ಧಾತು ಮತ್ತು ಈಶ್ವರ ಸಂವತ್ಸರಗಳ ಹೆಸರಿನಿಂದ ಜನರು ನೆನೆಯುತ್ತಿದ್ದ ಮಹಾಕ್ಷಾಮವೇ ಅದು. ಮೈಸೂರು ಸೀಮೆ, ಮದರಾಸು ಆಧಿಪತ್ಯದ ಬಳ್ಳಾರಿ, ಮುಂಬಯಿ ಆಧಿಪತ್ಯದ ಕಲಾದಗಿ ಮೊದಲಾದ ಪ್ರದೇಶಗಳು ಅದಕ್ಕೆ ತುತ್ತಾದವು. ಮೈಸೂರು ಸೀಮೆಯ ಜನಸಂಖ್ಯೆ 1871ರ ಗಣತಿಯಲ್ಲಿ 50,55,412 ಇದ್ದುದು 1881ರಲ್ಲಿ 41,86,188ಕ್ಕೆ ಇಳಿಯಿತು. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ಸಂಖ್ಯೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೂ 8,69,224 ಮಂದಿ ಕಡಮೆಯಾದರು.

ಆಗಿನ ಸರಕಾರ ಕೈಕಟ್ಟಿ ಕುಳಿತಿತ್ತೆಂದು ಹೇಳಲಾಗದು. ಪರಿಹಾರ ಕಾಮಗಾರಿಗಳು ಆರಂಭವಾದವು, ಗಂಜಿಕೇಂದ್ರಗಳು ತೆರೆದವು. ಆದರೆ ಆ ಪರಿಹಾರದ ಹಿಂದೆ ಮನುಷ್ಯ ಸ್ವಭಾವವನ್ನು ಕುರಿತ ಒಂದು ಸಿದ್ಧಾಂತವಿತ್ತು. ಧರ್ಮಕ್ಕೆ ಸಿಕ್ಕುವ ಅನ್ನ ಜನರನ್ನು ಸೋಮಾರಿಗಳನ್ನಾಗಿ ಮಾಡುತ್ತದೆ. ಆದುದರಿಂದ ಪರಿಹಾರವು ಯಾರೂ ಸಂತೋಷದಿಂದ ಬಯಸದಷ್ಟು ಕಠಿನವಾಗಿರಬೇಕು ಎಂಬುದೇ ಆ ಸಿದ್ಧಾಂತ. ಇಂಗ್ಲೆಂಡಿನಲ್ಲಿ 1834ರ ಬಡವರ ಕಾಯಿದೆ ಇದೇ ಅಡಿಪಾಯದ ಮೇಲೆ ನಿಂತಿತ್ತು. 1873-74ರಲ್ಲಿ ಬಿಹಾರದಲ್ಲಿ ಕ್ಷಾಮ ತಲೆದೋರಿದಾಗ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಬರ್ಮಾದಿಂದ ಅಕ್ಕಿಯನ್ನು ತರಿಸಿ ಧಾರಾಳವಾಗಿ ಹಂಚಲಾಗಿತ್ತು. ಹಸಿವಿನ ಸಾವುಗಳು ಅಲ್ಲಿ ಬಹಳ ಕಡಮೆಯಾದವು. ಆದರೆ ಆತನಿಗೆ ದೊರೆತುದು ಮೆಚ್ಚುಗೆಯಲ್ಲ, ಅತಿವ್ಯಯದ ಆಪಾದನೆ. 1877ರ ಜನವರಿಯಲ್ಲಿ ವೈಸರಾಯ್ ಲಿಟ್ಟನ್ ಅದೇ ಟೆಂಪಲನನ್ನು ದಕ್ಷಿಣಕ್ಕೆ ಕಳುಹಿಸಿದಾಗ ಆತನ ಧೋರಣೆ ತಿರುವುಮುರುವಾಗಿತ್ತು. ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಅಲ್ಪ ಹಣ ಸಾಕೆಂದು ಆತನು ಗೊತ್ತುಪಡಿಸಿದನು. ಮದರಾಸಿನ ಆರೋಗ್ಯಾಧಿಕಾರಿಯಾಗಿದ್ದ ಕಾರ್ನಿಷ್ ಎಂಬ ವೈದ್ಯನು, ದುಡಿಯುವ ದೇಹ ಇಷ್ಟರಿಂದ ಉಳಿಯದೆಂದು ಬಲವಾಗಿ ಪ್ರತಿಭಟಿಸಿದನು. ಆ ವಿವಾದದ ಫಲವಾಗಿ ಅದೇ ವರ್ಷ ಪ್ರಮಾಣ ಸ್ವಲ್ಪ ಹೆಚ್ಚಿತು.

ಅಷ್ಟು ಸಾವುಗಳಿಗೂ ಈ ಒಂದು ನಿಯಮವೇ ಕಾರಣವೆಂದು ಹೇಳುವುದು ಅನ್ಯಾಯವಾದೀತು. ಮಳೆಯ ವೈಫಲ್ಯ, ರೋಗರುಜಿನ, ಧಾನ್ಯದ ಬೆಲೆಯೇರಿಕೆ, ಸಾಗಾಟದ ತೊಂದರೆ ಎಲ್ಲವೂ ಸೇರಿದ್ದವು. ಆದರೂ ಇಲ್ಲಿ ಗಮನಿಸಬೇಕಾದ ತತ್ತ್ವವೊಂದಿದೆ. ಕಲ್ಯಾಣದಲ್ಲಿಯೂ ಕೆಲಸಕ್ಕೂ ಅನ್ನಕ್ಕೂ ಸಂಬಂಧವಿತ್ತು; 1877ರ ಕಾಮಗಾರಿಗಳಲ್ಲಿಯೂ ಇತ್ತು. ಆದರೆ ಕಲ್ಯಾಣದಲ್ಲಿ ಕಾಯಕವು ಕೊಡುವವನ ಅರ್ಹತೆಯ ಪರೀಕ್ಷೆ. ಕಾಮಗಾರಿಗಳಲ್ಲಿ ದುಡಿಮೆಯು ಪಡೆಯುವವನ ಅರ್ಹತೆಯ ಪರೀಕ್ಷೆ. ಅಲ್ಲಿ ಲಕ್ಕಮ್ಮ ತನ್ನ ಮನೆಯ ಅಕ್ಕಿಯನ್ನು ತಾನೇ ಅಳೆದು ಹೆಚ್ಚಾಯಿತೆಂದಳು. ಇಲ್ಲಿ ಉಂಡು ತಣಿದವನೊಬ್ಬನು ಹಸಿದವನ ಧಾನ್ಯವನ್ನು ಅಳೆದು ಸಾಕೆಂದನು. ಎರಡು ಕಡೆಯೂ ಮನುಷ್ಯ ಸ್ವಭಾವದ ಮೇಲೆ ಸಂಶಯವಿದೆ. ಶರಣರು ಸಂಶಯಿಸಿದುದು ತಮ್ಮ ಸ್ವಭಾವವನ್ನು. ಅಧಿಕಾರಿಗಳು ಸಂಶಯಿಸಿದುದು ಇತರರ ಸ್ವಭಾವವನ್ನು. ಸೇವೆಯ ಸತ್ಯಾಸತ್ಯತೆ ಈ ಒಂದು ತಿರುವಿನಲ್ಲಿ ನಿರ್ಧಾರವಾಗುತ್ತದೆ.

ಅದೇ ಕ್ಷಾಮದಲ್ಲಿ ಇನ್ನೊಂದು ಬಗೆಯ ಸಾಕ್ಷ್ಯವೂ ಇದೆ. 1877ರಲ್ಲಿ ಲಂಡನ್ನಿನ ಮ್ಯಾನ್ಷನ್ ಹೌಸಿನಲ್ಲಿ ಆರಂಭವಾದ ಪರಿಹಾರನಿಧಿಗೆ, ಕನ್ನಡ ನಾಡನ್ನು ಎಂದೂ ಕಾಣದ ಅಸಂಖ್ಯ ಜನರು ಹಣ ಕಳುಹಿಸಿದರು. ಬಿಹಾರದಲ್ಲಿ ಉದಾರನಾದ ಟೆಂಪಲನೇ ದಕ್ಷಿಣದಲ್ಲಿ ಕಠೋರನಾದುದನ್ನೂ ನೆನೆಯಬೇಕು. ಎರಡು ವರ್ಷಗಳಲ್ಲಿ ಆತನ ಹುಟ್ಟುಗುಣ ಬದಲಾಗಿರಲಾರದು. ಬದಲಾದುದು ಆತನ ಮೇಲಣ ಒತ್ತಡ. ಮನುಷ್ಯ ಸ್ವಭಾವ ಹೀಗೆಯೇ ಎಂದು ನಿಷ್ಕರ್ಷಿಸಿ ಹೇಳುವವರು ಈ ಉದಾಹರಣೆಯನ್ನು ಪರಾಮರ್ಶಿಸುವುದು ಒಳಿತು.

ಗದುಗಿನ ಪುಣ್ಯಾಶ್ರಮ

ಕಲ್ಯಾಣದ ತತ್ತ್ವ ಪುರಾಣದಲ್ಲಿ ಮಾತ್ರ ಉಳಿಯದೆ ಇತ್ತೀಚಿನ ಕಾಲದಲ್ಲಿಯೂ ಫಲಿಸಿತೆಂಬುದಕ್ಕೆ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಚರಿತ್ರೆ ಸಾಕ್ಷಿ. ಮಲಪ್ರಭೆಯ ತೀರದಲ್ಲಿ ಬಾದಾಮಿಯ ಬಳಿ 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಶ್ರೀ ಕುಮಾರಸ್ವಾಮಿಗಳು (1867-1930) ಅಂಧಬಾಲಕನೊಬ್ಬನ ಸಂಗೀತಪ್ರತಿಭೆಯನ್ನು ಗುರುತಿಸಿ ಅವನ ಶಿಕ್ಷಣಕ್ಕೆ ಏರ್ಪಾಡು ಮಾಡಿದರು. ಮುಂದೆ ಪಂಚಾಕ್ಷರಿ ಗವಾಯಿಗಳೆಂದು ಖ್ಯಾತರಾದವರು (1892-1944) ಅವರೇ. ಕರ್ನಾಟಕ, ಹಿಂದೂಸ್ತಾನಿ ಎರಡೂ ಪದ್ಧತಿಗಳಲ್ಲಿ ಪಾರಂಗತರಾಗಿ ‘ಉಭಯಗಾನ ವಿಶಾರದ’ರೆನಿಸಿದ ಗವಾಯಿಗಳು ತಮ್ಮ ಕೀರ್ತಿಯನ್ನು ಸಂಪತ್ತಾಗಿ ಮಾರ್ಪಡಿಸಿಕೊಳ್ಳಲಿಲ್ಲ. ಅಂಧರಿಗೂ ಅನಾಥರಿಗೂ ಅನ್ನವಿಕ್ಕಿ ಸಂಗೀತ ಕಲಿಸುವ ವ್ರತವನ್ನು ತೊಟ್ಟು, ಶಿಷ್ಯರನ್ನು ಕಟ್ಟಿಕೊಂಡು ಊರೂರು ತಿರುಗಿ, ಕೊನೆಗೆ ಗದುಗಿನಲ್ಲಿ ನೆಲೆನಿಂತರು. ಹಿಂದೂಸ್ತಾನಿ ಸಂಗೀತದಲ್ಲಿ ಹೆಸರಾದ ಬಸವರಾಜ ರಾಜಗುರು (1917-1991) ಅವರ ಶಿಷ್ಯರಲ್ಲೊಬ್ಬರು.

ಗವಾಯಿಗಳ ಅನಂತರ ಆಶ್ರಮದ ಹೊಣೆ ಹೊತ್ತ ಪುಟ್ಟರಾಜ ಗವಾಯಿಗಳೂ (1914-2010) ಅಂಧರೇ. ನೂರಾರು ಮಕ್ಕಳ ಊಟದ ವೆಚ್ಚವನ್ನು ತೂಗಿಸಲು ಅವರು ನಾಟಕ ಸಂಘವನ್ನು ಕಟ್ಟಿದರು, ತಾವೇ ನಾಟಕಗಳನ್ನು ರಚಿಸಿದರು, ಕೀರ್ತನ ಪುರಾಣಗಳನ್ನು ನಡೆಸಿದರು. ರಂಗಭೂಮಿಯ ಆದಾಯ ಪಾಕಶಾಲೆಗೆ ಬಂದಿತು. ಭಕ್ತರ ಕಾಣಿಕೆಯೂ ಬಂದುದುಂಟು. ಆದರೆ ಸೇವೆಯ ಬೆನ್ನೆಲುಬಾಗಿ ನಿಂತುದು ನೀಡುವವರ ಸ್ವಂತ ಕಾಯಕ.

ಸಮಾಜವು ಅಂಧನನ್ನು ಪಡೆಯುವವನೆಂದೇ ಎಣಿಸುತ್ತದೆ; ಅವನ ಕೈಯಲ್ಲಿ ತಟ್ಟೆಯನ್ನು ಕಾಣುತ್ತದೆಯೇ ಹೊರತು ಸೌಟನ್ನು ಕಾಣುವುದಿಲ್ಲ. ಗದುಗಿನಲ್ಲಿ ಅಂಧರೇ ಅನ್ನದಾತರಾದರು. ಅಲ್ಲಿ ಉಂಡು ಕಲಿತವರು ಗಾಯಕರಾಗಿ, ವಾದಕರಾಗಿ, ಸಂಗೀತ ಶಿಕ್ಷಕರಾಗಿ ನಾಡಿನಲ್ಲೆಲ್ಲ ಹರಡಿ ಮತ್ತೊಬ್ಬರಿಗೆ ಕಲಿಸಿದರು. ಲಕ್ಕಮ್ಮನ ಮನೆಯಲ್ಲಿ ಒಂದು ದಿನ ಕಂಡ ಪಾತ್ರಬದಲಾವಣೆ ಇಲ್ಲಿ ದಶಕಗಳ ಕಾಲ ನಿತ್ಯವ್ಯವಹಾರವಾಯಿತು. ತುಮಕೂರಿನ ಸಿದ್ಧಗಂಗೆಯಲ್ಲಿ 1941ರಿಂದ ಮಠಾಧಿಪತಿಗಳಾಗಿದ್ದು 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳು ಜಾತಿಭೇದವಿಲ್ಲದೆ ಸಾವಿರಾರು ಬಡ ವಿದ್ಯಾರ್ಥಿಗಳಿಗೆ ನಡೆಸಿದ ಅನ್ನ, ಅಕ್ಷರ, ಆಶ್ರಯಗಳ ದಾಸೋಹವೂ ಇದೇ ಪರಂಪರೆಗೆ ಸೇರಿದುದು. ಸುತ್ತಲ ಹಳ್ಳಿಗಳ ಒಕ್ಕಲು ಮಕ್ಕಳು ತಮ್ಮ ಸುಗ್ಗಿಯ ಒಂದು ಪಾಲನ್ನು ಅಲ್ಲಿಗೆ ತಂದು ಸುರಿದರು. ಅವರಲ್ಲಿ ಅನೇಕರು ಅಥವಾ ಅವರ ಮಕ್ಕಳು ಅಲ್ಲಿಯೇ ಉಂಡು ಓದಿದವರಾಗಿದ್ದರು.

ಆದರೆ ಮಠಗಳ ಚರಿತ್ರೆಯೆಲ್ಲವೂ ಹೀಗೆಯೇ ಇದೆಯೆಂದು ಹೇಳುವುದು ಆತ್ಮವಂಚನೆ. ದತ್ತಿಯ ಭೂಮಿ ಬೆಳೆದಂತೆ ಕಾಯಕ ಕುಗ್ಗಿದ ಉದಾಹರಣೆಗಳುಂಟು. ದಾಸೋಹದ ಪಂಕ್ತಿಯಲ್ಲಿಯೇ ಜಾತಿಯ ಗೆರೆ ಮರಳಿ ಮೂಡಿದುದುಂಟು. ದಾನಿಗಳ ಹೆಸರು ಗೋಡೆಯ ಫಲಕಗಳಲ್ಲಿ ದೊಡ್ಡದಾಗುತ್ತ ಹೋದಂತೆ ದಾಸೋಹವು ಮತ್ತೆ ದಾನವಾಗಿ, ಶಾಸನಕಾಲದ ಸ್ಥಿತಿಗೆ ಇಳಿದುದೂ ಉಂಟು. ಇಂತಹ ಇಳಿತಗಳನ್ನು ಕಂಡು ಮನುಷ್ಯ ಸ್ವಭಾವವನ್ನೇ ಹಳಿಯುವುದು ಸುಲಭ. ಲಕ್ಕಮ್ಮನ ಮಾರ್ಗ ಅದಕ್ಕಿಂತ ಕಷ್ಟವಾದುದು: ಹೆಚ್ಚಾದುದೆಷ್ಟು, ಅದು ಎಲ್ಲಿಂದ ಬಂದಿತು ಎಂದು ಕೇಳಿ, ತಂದಲ್ಲಿಗೆ ಹಿಂದಿರುಗಿಸುವುದು.

ಉಪಸಂಹಾರ

ಮನುಷ್ಯನ ಸ್ವಭಾವ ಸೇವೆಗೆ ಅವಕಾಶ ಕೊಡುತ್ತದೆಯೆ ಎಂಬ ಪ್ರಶ್ನೆಗೆ ಚರಿತ್ರೆ ಒಂದು ಮಾತಿನ ಉತ್ತರ ಕೊಡುವುದಿಲ್ಲ. ಸೇವೆ ಮನುಷ್ಯನಿಗೆ ಅಸಾಧ್ಯವೆಂಬುದನ್ನು ಕಲ್ಯಾಣವೂ ಗದುಗೂ ಅಲ್ಲಗಳೆಯುತ್ತವೆ. ಅದು ಸಹಜವಾಗಿ, ತಾನಾಗಿ ಒದಗುತ್ತದೆಂಬುದನ್ನು ಧಾತು-ಈಶ್ವರ ಸಂವತ್ಸರಗಳು ಅಲ್ಲಗಳೆಯುತ್ತವೆ. ಸ್ವಾರ್ಥದ ಲೇಶವೂ ಇಲ್ಲದ ಮನಸ್ಸು ಸಿದ್ಧವಾದ ಮೇಲೆ ಸೇವೆಯನ್ನು ಆರಂಭಿಸೋಣವೆಂದು ಶರಣರು ಕಾಯಲಿಲ್ಲ. ಹಾಬ್ಸನಂತೆ ತಮ್ಮ ನೋವನ್ನು ಕಳೆದುಕೊಳ್ಳಲೆಂದು ಕೊಡುವವರೂ ಕೊಡಲಿ. ಹಸಿದವನಿಗೆ ಅದರಿಂದ ನಷ್ಟವಿಲ್ಲ. ಆದರೆ ಆ ಸೇವೆ ಕೆಡದೆ ನಿಲ್ಲಬೇಕಾದರೆ ಮೂರು ಕಟ್ಟುಗಳು ಬೇಕೆಂದು ಅವರ ಅನುಭವ ತಿಳಿಸಿತು: ನೀಡುವ ವಸ್ತು ತನ್ನ ದುಡಿಮೆಯದಾಗಿರಬೇಕು, ಅದಕ್ಕೊಂದು ಮಿತಿಯಿರಬೇಕು, ತಪ್ಪಿದಾಗ ತಿದ್ದುವ ಜೊತೆಗಾರರಿರಬೇಕು. ಈ ಕಟ್ಟುಗಳೊಳಗೆ ಸಾಮಾನ್ಯ ಮನುಷ್ಯನೂ, ಆಸೆಯುಳ್ಳ ಮನುಷ್ಯನೂ, ಎಡವುವ ಮನುಷ್ಯನೂ ನಿಜವಾದ ಸೇವೆಯನ್ನು ಮಾಡಬಲ್ಲನು.

ಮಾರಯ್ಯನು ಹೆಚ್ಚು ಅಕ್ಕಿಯನ್ನು ತಂದುದನ್ನು ಪರಂಪರೆ ಮುಚ್ಚಿಡಲಿಲ್ಲವೆಂಬುದು ಈ ದೃಷ್ಟಿಯಿಂದ ಅರ್ಥಪೂರ್ಣವಾಗಿದೆ. ಅವನನ್ನು ದೋಷರಹಿತನೆಂದು ಚಿತ್ರಿಸಿದ್ದರೆ ಅವನ ಕಥೆ ಪೂಜೆಗೆ ಮಾತ್ರ ಉಪಯೋಗವಾಗುತ್ತಿತ್ತು. ತಪ್ಪಿ, ತಿಳಿದು, ಹಿಂದಿರುಗಿಸಿ, ಮರುದಿನ ಮತ್ತೆ ಅದೇ ಅಂಗಳಕ್ಕೆ ಅದೇ ಕಾಯಕಕ್ಕೆ ಹೋದವನ ಕಥೆಯಾದುದರಿಂದಲೇ ಅದು ಇಂದಿನ ದಾಸೋಹಿಗಳಿಗೂ ದಾರಿಯನ್ನು ತೋರಿಸಬಲ್ಲುದು.